ರಾಜಲಕ್ಷ್ಮಿ ಆಂಟಿಯ ವ್ಯಾನಿನಲ್ಲಿ ಹನ್ನೆರಡನೆಯ ತೆಂಗಿನಕಾಯಿ

ರಾಜಲಕ್ಷ್ಮಿಯವರ ಎತ್ತರ ನಾಲ್ಕಡಿ ಹನ್ನೊಂದು ಅಂಗುಲ. ಅಮೆರಿಕದಲ್ಲಿ ಅವರು ಓಡಿಸುವ ಪಾರ್ಸೆಲ್ ವ್ಯಾನಿನ ಎತ್ತರ ಒಂಬತ್ತಡಿ. ಮಾರಿಸ್‌ವಿಲ್‌ನ ರಸ್ತೆಯಲ್ಲಿ ಆ ವ್ಯಾನು ಎದುರಿಗೆ ಬಂದರೆ ಮೊದಲು ಕಾಣುವುದು ಸ್ಟಿಯರಿಂಗು, ಆಮೇಲೆ ಅದರ ಮೇಲಿನ ಎರಡು ಕೈ, ಗಮನವಿಟ್ಟು ನೋಡಿದರೆ ಮಾತ್ರ ಹಣೆಯ ಕುಂಕುಮ. ಡ್ರೈವರ್ ಇಲ್ಲದೆ ಓಡುವ ಗಾಡಿ ನಮ್ಮೂರಿಗೂ ಬಂದೇಬಿಟ್ಟಿತು ಎಂದು ಸಾಫ್ಟ್‌ವೇರ್ ಮಹಾಶಯರೊಬ್ಬರು ಫೋಟೋ ತೆಗೆದು ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ್ದೂ ಉಂಟು. ಅದೇ ಗುಂಪಿನಲ್ಲಿದ್ದ ರಾಜಲಕ್ಷ್ಮಿ, "ಅದು ನಾನೇ ಕಣಪ್ಪಾ. ನಿಮ್ಮನೆ ಬಾಕ್ಸ್ ಗರಾಜ್ ಹತ್ರ ಇಟ್ಟಿದೀನಿ, ತಗೊಳಿ" ಎಂದು ಉತ್ತರ ಹಾಕಿದರು.

ಅವರು ಆ ಸೀಟಿನ ಮೇಲೆ ಬಂದು ಕೂತದ್ದೇ ಒಂದು ತಮಾಷೆ. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು ಅವರು. ಬನಶಂಕರಿಯಿಂದ ಮೆಜೆಸ್ಟಿಕ್‌ಗೆ, ಮೆಜೆಸ್ಟಿಕ್‌ನಿಂದ ಬನಶಂಕರಿಗೆ, ಭೂಮಿಯನ್ನು ಹತ್ತು ಸುತ್ತು ಹಾಕುವಷ್ಟು ದೂರವನ್ನು ನಿಂತುಕೊಂಡೇ ಕಳೆದಿದ್ದರು. ಸ್ಟಿಯರಿಂಗನ್ನು ಮಾತ್ರ ಒಂದು ದಿನವೂ ಮುಟ್ಟಿದವರಲ್ಲ. ಡ್ರೈವರ್ ಎಂದರೆ ಕಂಡಕ್ಟರ್ ಹೇಳಿದ ಕಡೆ ನಿಲ್ಲಿಸಿ, ಹೇಳಿದಾಗ ಹೊರಡುವ ಮನುಷ್ಯ ಎನ್ನುವುದು ಅವರ ಖಚಿತವಾದ ಅಭಿಪ್ರಾಯವಾಗಿತ್ತು. ಅಮೆರಿಕದ ಕ್ಯಾರಿ ಊರಿನಲ್ಲಿ ನರ್ಸ್ ಆಗಿದ್ದ ತಂಗಿ ಜಯಾ 2004ರಲ್ಲಿ ಅಕ್ಕನ ಹೆಸರಿನಲ್ಲಿ ಹಾಕಿದ ಗ್ರೀನ್ ಕಾರ್ಡ್ ಅರ್ಜಿ 2018ರಲ್ಲಿ ಕಣ್ಣುಬಿಟ್ಟಿತು. ಅಷ್ಟು ಹೊತ್ತಿಗೆ ಅರ್ಜಿ ಹಾಕಿದ್ದೇ ಅಕ್ಕತಂಗಿಯರಿಬ್ಬರಿಗೂ ಮರೆತುಹೋಗಿತ್ತು. ಗಂಡ ಶೇಷಾದ್ರಿ, "ನಡಿ, ನೋಡ್ಕೊಂಡಾದ್ರೂ ಬರೋಣ" ಎಂದರು. ನೋಡಿಕೊಂಡು ಬರಲು ಹೋದವರು ಅಲ್ಲೇ ಉಳಿದರು.

2020ರಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತು ಪಾರ್ಸೆಲ್ ತರಿಸತೊಡಗಿದಾಗ, ಲೈಸೆನ್ಸ್ ಇದ್ದವರನ್ನೆಲ್ಲ ಪಾರ್ಸೆಲ್ ಕಂಪನಿಯ ಡಿಪೋದವರು ಕೈಹಿಡಿದು ಕರೆಯುತ್ತಿದ್ದರು. ಐವತ್ತನೆಯ ವಯಸ್ಸಿನಲ್ಲಿ ರಾಜಲಕ್ಷ್ಮಿ ಡ್ರೈವಿಂಗ್ ಕಲಿತರು. ಮೊದಲ ಟೆಸ್ಟಿನಲ್ಲಿ ಅಧಿಕಾರಿ "ರಿವರ್ಸ್ ತಗೊಳ್ಳಿ" ಎಂದಾಗ ಅವರು ಸೀಟ್ ಬೆಲ್ಟ್ ಬಿಚ್ಚಿ ಕೆಳಗಿಳಿದರು. ಕಾರಿನ ಹಿಂದೆ ಹೋಗಿ, ಎಡಕ್ಕೆ ಬಗ್ಗಿ, ಬಲಕ್ಕೆ ಬಗ್ಗಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಡಿಕ್ಕಿಯ ಮೇಲೆ ಎರಡು ಸಲ ಬಡಿದು ಬಂದು ಕೂತರು. ಟೆಸ್ಟಿನ ಮಧ್ಯೆ ಗಾಡಿ ಬಿಟ್ಟು ಇಳಿದರೆಂದು ಫೇಲ್ ಮಾಡಿದರು. ಮೂರನೆಯ ಸಲ ಪಾಸಾಗಿ ಡಿಪೋಗೆ ಸೇರಿದ ದಿನ ಅಲ್ಲಿನ ತರಬೇತಿಯವನು ಹೇಳಿಕೊಟ್ಟ ಮೊದಲ ಪಾಠ, ಹಿಂದೆ ತೆಗೆಯುವ ಮುಂಚೆ ಕೆಳಗಿಳಿದು ನೋಡಬೇಕು. ರಾಜಲಕ್ಷ್ಮಿ ಸಂಜೆ ಮನೆಗೆ ಬಂದು ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ನೋಡಿದ್ರಾ! ಇಡೀ ಅಮೆರಿಕಕ್ಕೆ ಗೊತ್ತಿರೋದು ಆ ಟೆಸ್ಟ್ ತಗೊಳೋನಿಗೆ ಗೊತ್ತಿರ್ಲಿಲ್ಲ" ಎಂದರು.

ಆ ಕೆಲಸ ಮಾತ್ರ ತಮಾಷೆಯದಲ್ಲ. ದಿನಕ್ಕೆ ನೂರೈವತ್ತು ಮನೆ. ಆಗಸ್ಟ್ ತಿಂಗಳಲ್ಲಿ ವ್ಯಾನಿನ ಹಿಂಭಾಗದಲ್ಲಿ ಹಪ್ಪಳ ಒಣಗಿಸಬಹುದು. ಮಳೆ ಬಂದರೆ ಜಾರುವ ಮೆಟ್ಟಿಲು, ಬಿಸಿಲು ಬಂದರೆ ತಲೆಸುತ್ತು, ಎರಡೂ ಇಲ್ಲದ ದಿನ ನಾಯಿ. ರಾಜಲಕ್ಷ್ಮಿ ನಾಯಿಗಳಿಗೆ ಬಿಸ್ಕತ್ತು, ತಮಗೆ ಉಪ್ಪು ಹಾಕಿದ ನೀರುಮಜ್ಜಿಗೆ, ಮೆಟ್ಟಿಲಿಗೆ ದಪ್ಪ ಅಟ್ಟೆಯ ಶೂ ಇಟ್ಟುಕೊಂಡು ನಾಲ್ಕು ವರ್ಷ ಒಂದು ಗೀರೂ ಬೀಳದಂತೆ ಗಾಡಿ ಓಡಿಸಿದರು. ಡಿಪೋದ ಹುಡುಗರು ಮೊದಮೊದಲು ನಕ್ಕರು. ಆಮೇಲೆ ಬಿಸಿಲಿಗೆ ಒಬ್ಬ ಕುಸಿದು ಬಿದ್ದಾಗ ಅವನ ಬಾಯಿಗೆ ಮಜ್ಜಿಗೆ ಹಾಕಿದವರು ಇವರೇ. ಅಲ್ಲಿಂದ ಅವರೆಲ್ಲ ಇವರನ್ನು ಪ್ರೀತಿಯಿಂದ "ರಾಜ್" ಎಂದು ಕರೆಯತೊಡಗಿದರು.

2024ರ ಬೇಸಗೆಯಲ್ಲಿ ಡಿಪೋದ ಗೋಡೆಯ ಮೇಲೆ ಒಂದು ಕಾಗದ ಅಂಟಿತು. ಸೇಫ್ಟಿ ಕೋಚ್ ಬೇಕಾಗಿದ್ದಾರೆ. ಹೊಸ ಡ್ರೈವರುಗಳ ಪಕ್ಕ ಕೂತು, ಹೇಗೆ ಹತ್ತಬೇಕು, ಹೇಗೆ ಇಳಿಯಬೇಕು, ಭಾರ ಎತ್ತುವಾಗ ಬೆನ್ನು ಹೇಗಿರಬೇಕು ಎಂದು ಹೇಳಿಕೊಡುವ ಕೆಲಸ. ರಾಜಲಕ್ಷ್ಮಿಗೆ ಅದು ಬೇಕಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಿತ್ತು. ಒಂದು ಕಾರಣ ಮಂಡಿ. ದಿನಕ್ಕೆ ಮುನ್ನೂರು ಸಲ ಹತ್ತಿ ಇಳಿದು ಅವು ಸಂಜೆಯ ಹೊತ್ತಿಗೆ ಕಿರ್ರೋ ಎನ್ನುತ್ತಿದ್ದವು. ಇನ್ನೊಂದು ಕಾರಣ, ಪಕ್ಕದಲ್ಲಿ ಕೂತು ಡ್ರೈವರ್‌ಗೆ ಇಂಥಲ್ಲಿ ನಿಲ್ಲಿಸು, ಹೀಗೆ ಹೋಗು ಎಂದು ಹೇಳುವ ಭಾಗ್ಯ! ಅಮೆರಿಕದಲ್ಲೂ ಕಂಡಕ್ಟರ್ ಕೆಲಸ ಇದೆ ಎಂದು ಯಾರಿಗೆ ಗೊತ್ತಿತ್ತು?

ಅರ್ಜಿ ಹಾಕಿದ ಮೂವರಲ್ಲಿ ಇವರೂ ಒಬ್ಬರು. ಆಯ್ಕೆಗೆ ಒಂದೇ ಪರೀಕ್ಷೆ. ಅಟ್ಲಾಂಟಾದ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ಇಡೀ ದಿನ ವ್ಯಾನಿನಲ್ಲಿ ಜೊತೆಗೆ ಸುತ್ತುತ್ತಾರೆ. ಆ ದಿನ ಏನಾದರೂ ಸಣ್ಣ ಅವಘಡವಾಯಿತೋ, ಆಗುವುದರಲ್ಲಿತ್ತೋ, ಅಭ್ಯರ್ಥಿ ಔಟ್. ರಾಜಲಕ್ಷ್ಮಿಗೆ ಸಿಕ್ಕ ದಿನ ಆಗಸ್ಟ್ ಹದಿನಾರು. ಶೇಷಾದ್ರಿ ಕನ್ನಡಕ ಏರಿಸಿ ಅಡುಗೆಮನೆಯ ಕ್ಯಾಲೆಂಡರ್ ನೋಡಿದರು.

"ಶುಕ್ರವಾರ ಕಣೇ. ವರಮಹಾಲಕ್ಷ್ಮಿ."

"ಅಯ್ಯೋ ನನ್ ಕರ್ಮವೇ!" ಎಂದು ರಾಜಲಕ್ಷ್ಮಿ ಕುರ್ಚಿಯ ಮೇಲೆ ಕುಸಿದರು.

ಕುಸಿಯಲು ಕಾರಣವಿತ್ತು. ಅವರ ರೂಟಿನಲ್ಲಿ, ಮಾರಿಸ್‌ವಿಲ್ ಮುಗಿದು ಕ್ಯಾರಿ ಶುರುವಾಗುವ ಬಡಾವಣೆಗಳಲ್ಲಿ, ನಲವತ್ತು ಕನ್ನಡದ ಮನೆಗಳಿದ್ದವು. ಹೋದ ವರ್ಷ ಹಬ್ಬದ ದಿನ ಆರು ಮನೆಯವರು ಅವರನ್ನು ಬಾಗಿಲಲ್ಲೇ ಹಿಡಿದು ಕುಂಕುಮ ಕೊಟ್ಟಿದ್ದರು. ಮುತ್ತೈದೆ, ಶುಕ್ರವಾರ, ಮನೆಬಾಗಿಲಿಗೇ ಬಂದಿದ್ದಾರೆ, ಅದೂ ಕೈಯಲ್ಲಿ ಪಾರ್ಸೆಲ್ ಹಿಡಿದು! ಬಿಡುತ್ತಾರೆಯೇ? ಕುಂಕುಮ ಬೇಡ ಎನ್ನಲು ರಾಜಲಕ್ಷ್ಮಿಗೂ ನಾಲಿಗೆ ಬರದು. ಆದರೆ ಗ್ರಾಹಕರ ಮನೆಯೊಳಗೆ ಕಾಲಿಡಬಾರದು ಎನ್ನುವುದು ಕಂಪನಿಯ ನಿಯಮ, ಕೆಲಸದ ಹೊತ್ತಿನಲ್ಲಿ ಶೂ ಬಿಚ್ಚಿ ನಡೆಯಬಾರದು ಎನ್ನುವುದು ಇನ್ನೊಂದು. ಅಟ್ಲಾಂಟಾದವರ ಎದುರು ಬರಿಗಾಲಲ್ಲಿ ನಿಂತು ಕೆನ್ನೆಗೆ ಅರಿಶಿನ ಹಚ್ಚಿಸಿಕೊಂಡರೆ ಕೋಚ್ ಕೆಲಸಕ್ಕೆ ಎಳ್ಳುನೀರು.

ಹಾಗಾಗಿ ಬುಧವಾರ ಅವರು ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದರು. "ಶುಕ್ರವಾರ ನನಗೆ ಕಂಪನಿ ಪರೀಕ್ಷೆ ಇದೆ. ಅಟ್ಲಾಂಟಾದ ಮೇಡಂ ಪಕ್ಕದಲ್ಲೇ ಕೂತಿರ್ತಾರೆ. ದಯವಿಟ್ಟು ಯಾರೂ ಕುಂಕುಮಕ್ಕೆ ಕರೀಬೇಡಿ. ನಾನು ಮನೆಯೊಳಗೆ ಬರೋ ಹಾಗಿಲ್ಲ."

ಆ ಕೊನೆಯ ಸಾಲು ಬರೆದದ್ದೇ ಎಡವಟ್ಟಾಯಿತು. ಗುಂಪಿನ ಅಘೋಷಿತ ನಾಯಕಿ, ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಜ್ಯೋತ್ಸ್ನಾ, ಎರಡೇ ನಿಮಿಷದಲ್ಲಿ ಉತ್ತರ ಹಾಕಿದಳು. "ಎಕ್ಸಾಮ್ ದಿನಾನೇ ದೇವಿ ಬ್ಲೆಸಿಂಗ್ಸ್ ಬೇಡ ಅಂದ್ರೆ ಹೇಗೆ ಆಂಟಿ? ನೀವು ಒಳಗೆ ಬರ್ಬೇಡಿ, ನಾವೇ ಹೊರಗೆ ಬರ್ತೀವಿ!" ಅದರ ಕೆಳಗೆ ಇಪ್ಪತ್ತಮೂರು ಜನ ಕೈ ಮುಗಿದರು.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಶುಕ್ರವಾರ ಬೆಳಿಗ್ಗೆ ಐದಕ್ಕೇ ಎದ್ದು ಮನೆಯ ಪೂಜೆ ಮುಗಿಸಿ ಡಿಪೋಗೆ ಹೋದ ರಾಜಲಕ್ಷ್ಮಿಗೆ ತಮ್ಮ ವ್ಯಾನಿನಲ್ಲಿ ಪುಟ್ಟ ಪುಟ್ಟ ಪಾರ್ಸೆಲ್ಲುಗಳ ರಾಶಿಯೇ ಕಾಣಿಸಿತು. ವ್ಯಾನು ತಮ್ಮ ಮನೆಗೆ ಖಂಡಿತ ಬರಲಿ ಎಂದು ಆ ಹೆಂಗಸರು ಗುರುವಾರ ಸಿಕ್ಕಿದ್ದನ್ನೆಲ್ಲ ಆರ್ಡರ್ ಮಾಡಿದ್ದರು. ಒಂದು ಪೊಟ್ಟಣ ಹೂಬತ್ತಿ. ಒಂದು ಡಬ್ಬಿ ಗುಂಡುಸೂಜಿ. ಒಬ್ಬಳಂತೂ ಒಂದೇ ಒಂದು ಪೆನ್ಸಿಲ್ ತರಿಸಿದ್ದಳು.

ಅಟ್ಲಾಂಟಾದ ಅಧಿಕಾರಿಯ ಹೆಸರು ಲೊರೆಟ್ಟಾ. ಅರವತ್ತರ ಹತ್ತಿರದ, ಆರಡಿ ಎತ್ತರದ ಕಪ್ಪು ಹೆಂಗಸು. ಭಾನುವಾರ ಚರ್ಚಿನಲ್ಲಿ ಹಾಡು ಹೇಳಿಸುವವರು. ಮಾತಾಡಿದರೆ ವ್ಯಾನಿನ ತಗಡು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೂವತ್ತೊಂದು ವರ್ಷ ಸೇಫ್ಟಿಯನ್ನೇ ಉಂಡು ಉಟ್ಟವರು, ಡಿಸೆಂಬರಿನಲ್ಲಿ ನಿವೃತ್ತಿ. ಹತ್ತಿದ ಕೂಡಲೇ ಪಕ್ಕದ ಸೀಟಿನ ಬೆಲ್ಟ್ ಎಳೆದು ನೋಡಿ, "ಡ್ರೈವರ್ ಹತ್ರ ಒಂದು ಪೆನ್ನೂ ಸಡಿಲವಾಗಿ ಬಿದ್ದಿರಬಾರದು. ನನ್ನ ಮೊದಲ ನಿಯಮ ಅದು" ಎಂದರು.

"ಯೆಸ್ ಮೇಡಂ" ಎಂದು ರಾಜಲಕ್ಷ್ಮಿ ನೀರಿನ ಬಾಟಲಿಯನ್ನು ಗೂಡಿಗೆ ಸಿಕ್ಕಿಸಿದರು.

ಮೊದಲ ಎರಡು ಗಂಟೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಹಿಡಿಕೆ ಹಿಡಿದೇ ಹತ್ತಿದರು, ಹಿಡಿಕೆ ಹಿಡಿದೇ ಇಳಿದರು, ಭಾರದ ಪೆಟ್ಟಿಗೆಗೆ ಮಂಡಿ ಬಗ್ಗಿಸಿದರು, ರಿವರ್ಸಿಗೆ ಮುಂಚೆ ಇಳಿದು ನೋಡಿ ಎರಡು ಸಲ ಬಡಿದರು. ಲೊರೆಟ್ಟಾ ಟ್ಯಾಬ್ಲೆಟ್ಟಿನಲ್ಲಿ ಟಿಕ್ ಹಾಕುತ್ತಲೇ ಹೋದರು. ಹತ್ತೂವರೆಗೆ ವ್ಯಾನು ಕನ್ನಡದವರ ಬಡಾವಣೆಗೆ ತಿರುಗಿತು.

ಮೂಲೆಯ ಮನೆಯ ಮುಂದೆ, ಫುಟ್‌ಪಾತಿನ ಮೇಲೆ, ರೇಷ್ಮೆ ಸೀರೆ ಉಟ್ಟ ಐದು ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ತಟ್ಟೆ. ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವವರಾದ್ದರಿಂದ ಇಬ್ಬರ ಕಿವಿಯಲ್ಲಿ ಮೀಟಿಂಗಿನ ಹೆಡ್‌ಫೋನ್ ಇನ್ನೂ ಹಾಗೇ ಇತ್ತು.

ಲೊರೆಟ್ಟಾ ಕಣ್ಣು ಕಿರಿದು ಮಾಡಿ, "ಇದೇನು, ಪ್ರತಿಭಟನೆಯೇ?" ಎಂದು ಕೇಳಿದರು.

"ನೋ ಮೇಡಂ. ದಿಸ್ ಈಸ್ ಗಾಡೆಸ್" ಎಂದರು ರಾಜಲಕ್ಷ್ಮಿ.

ಜ್ಯೋತ್ಸ್ನಾ ಮುಂದೆ ಬಂದು ಚುಟುಕಾಗಿ ಎಲ್ಲ ವಿವರಿಸಿದಳು. ಲೊರೆಟ್ಟಾ ಗಂಭೀರವಾಗಿ ಕೇಳಿಸಿಕೊಂಡು ನಿಯಮಾವಳಿ ತೆರೆದರು. ಮನೆಯೊಳಗೆ ಹೋಗುತ್ತಿಲ್ಲ, ಸರಿ. ಎಂಜಿನ್ ಆಫ್, ಕೀಲಿ ಕೈಯಲ್ಲಿ, ಡ್ರೈವರ್ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದರೆ ಶೂ ಬಿಚ್ಚಬಾರದು ಎಂದು ಎಲ್ಲೂ ಬರೆದಿಲ್ಲ. ನಡೆಯಬಾರದು ಅಷ್ಟೇ. "ಕೂತುಕೊಂಡೇ ತಗೊಳ್ಳಿ" ಎಂದು ಅಪ್ಪಣೆಯಾಯಿತು. ರಾಜಲಕ್ಷ್ಮಿ ಮೆಟ್ಟಿಲ ಮೇಲೆ ಕೂತು, ಶೂ ಬಿಚ್ಚಿ, ಕುಂಕುಮ ಇಡಿಸಿಕೊಂಡು, ಕೆನ್ನೆಗೆ ಅರಿಶಿನ ಹಚ್ಚಿಸಿಕೊಂಡು, ಎಲೆ ಅಡಿಕೆ ತೆಂಗಿನಕಾಯಿ ರವಿಕೆ ಕಣದ ತಾಂಬೂಲ ತೆಗೆದುಕೊಂಡು, ಮತ್ತೆ ಶೂ ಹಾಕಿ ಲೇಸಿಗೆ ಎರಡು ಗಂಟು ಬಿಗಿದರು. ಲೊರೆಟ್ಟಾ ಆ ಎರಡು ಗಂಟಿಗೂ ಟಿಕ್ ಹಾಕಿದರು.

ಆಮೇಲೆ ಜ್ಯೋತ್ಸ್ನಾ ಪಿಸುಗುಟ್ಟಿದಳು. "ಆಂಟಿ, ಮೇಡಂಗೆ ಕೊಡ್ದೇ ಹೇಗೆ ಕಳಿಸೋದು? ಮ್ಯಾರೀಡಾ ಕೇಳಿ."

ರಾಜಲಕ್ಷ್ಮಿ ಸಂಕೋಚದಿಂದ ಕೇಳಿದರು. ಲೊರೆಟ್ಟಾ, "ಎರಡು ಸಲ" ಎಂದರು.

ಐದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥದ್ದಕ್ಕೆ ಏನು ಕ್ರಮ ಎಂದು ಯಾರ ಅತ್ತೆಯೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಜ್ಯೋತ್ಸ್ನಾ, "ಹಾಗಿದ್ರೆ ಡಬಲ್ ಕೊಡೋಣ" ಎಂದು ತೀರ್ಮಾನಿಸಿ ಎರಡು ಕಾಯಿ ಕೊಟ್ಟಳು. ಲೊರೆಟ್ಟಾ ನಕ್ಕರು ನೋಡಿ! ಮೂವತ್ತೊಂದು ವರ್ಷ ಸೇಫ್ಟಿ ಕೆಲಸದಲ್ಲಿ ಕೂಡಿಟ್ಟ ನಗುವೆಲ್ಲ ಆ ಫುಟ್‌ಪಾತಿನ ಮೇಲೆ ಹೊರಬಂತು. ಅವರ ನಗು ಕೇಳಿ ಹೆಂಗಸರಿಗೆ ನಗು, ಹೆಂಗಸರದು ನೋಡಿ ರಾಜಲಕ್ಷ್ಮಿಗೆ. ಹೆಡ್‌ಫೋನಿನವಳು ಮ್ಯೂಟ್ ಮಾಡಲು ಮರೆತದ್ದರಿಂದ ಯಾವುದೋ ಊರಿನ ಮೀಟಿಂಗಿನಲ್ಲೂ ನಾಲ್ಕು ಜನ ನಕ್ಕರು.

ಅಲ್ಲಿಂದ ಮುಂದೆ ಮೆರವಣಿಗೆಯೇ. ಪ್ರತಿ ತಿರುವಿನಲ್ಲಿ ತಟ್ಟೆ ಹಿಡಿದವರು. ಲೊರೆಟ್ಟಾ ಎರಡನೆಯ ಗುಂಪಿಗೇ ಪಳಗಿ, ತಾವೇ ಕೆನ್ನೆ ಮುಂದೆ ಮಾಡತೊಡಗಿದರು. ಮೂರನೆಯ ಕಡೆ ಗಾಜಿನ ಬಳೆ ಬಂತು. ಅವರ ಕೈಗೆ ಹಿಡಿಸದೆ ಸೋಪು ಹಚ್ಚಿ ಏರಿಸಿದರು. ಆದರೂ ಕೆಲಸ ಕೆಲಸವೇ. ಬಂದ ತೆಂಗಿನಕಾಯಿಗಳನ್ನೆಲ್ಲ ವ್ಯಾನಿನ ಹಿಂದಿನ ದೊಡ್ಡ ಡಬ್ಬಿಗೆ ಹಾಕಿಸಿ, ಮೇಲೆ ಬಲೆ ಕಟ್ಟಿಸಿ, "ಹನ್ನೊಂದು ಕಾಯಿ, ಭದ್ರವಾಗಿದೆ" ಎಂದು ಅವರೇ ಎಣಿಸಿ ಬರೆದುಕೊಂಡರು. ರಾಜಲಕ್ಷ್ಮಿಯ ಎದೆ ಹಗುರಾಗಿ ಹಾರುತ್ತಿತ್ತು. ಕೋಚ್ ಕೆಲಸ ಸಿಕ್ಕೇಬಿಟ್ಟಿತು ಎಂದು ಅವರಿಗೆ ಆಗಲೇ ಅನಿಸಿತ್ತು.

ಕೊನೆಯ ಬೀದಿ ಬಿಡುವ ಹೊತ್ತಿಗೆ ಇಪ್ಪತ್ತೈದು ನಿಮಿಷ ತಡವಾಗಿತ್ತು. ಎಂಜಿನ್ ಶುರುಮಾಡಿದ ಮೇಲೆ ಹೊಸದಾಗಿ ಮದುವೆಯಾಗಿ ಬಂದಿದ್ದ ಸುರಭಿ ಸೀರೆಯ ನೆರಿಗೆ ಹಿಡಿದುಕೊಂಡು, "ಆಂಟಿ, ನಂದೊಂದು, ನಂದೊಂದು!" ಎಂದು ಓಡಿಬಂದಳು. ಲೊರೆಟ್ಟಾ ಕೂತಿದ್ದ ಕಡೆಯಿಂದ ಒಂದು ತೆಂಗಿನಕಾಯಿಯನ್ನೂ ಒಬ್ಬಟ್ಟಿನ ತಟ್ಟೆಯನ್ನೂ ಒಳಗೆ ತುರುಕಿದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಟ್ಯಾಬ್ಲೆಟ್ಟು, ಬಾಯಲ್ಲಿ ಆಗಲೇ ಅರ್ಧ ಒಬ್ಬಟ್ಟು. ಲೊರೆಟ್ಟಾ ಹನ್ನೆರಡನೆಯ ಕಾಯಿಯನ್ನು ತಮ್ಮ ಎರಡು ಪಾದಗಳ ನಡುವೆ ಇಟ್ಟುಕೊಂಡರು.

ರಾಜಲಕ್ಷ್ಮಿ ಅದನ್ನು ನೋಡಿದರು. "ಮೇಡಂ, ಅದನ್ನು ಹಿಂದೆ ಹಾಕೋಣ" ಎನ್ನುವ ಮಾತು ಬಾಯಿಯ ತನಕ ಬಂತು. ಪರೀಕ್ಷೆ ಮಾಡುವವರಿಗೇ ಪಾಠ ಹೇಳುವುದೇ? ತಡ ಬೇರೆ ಆಗಿದೆ. ಇಷ್ಟು ಚೆನ್ನಾಗಿ ನಡೆದ ದಿನ ಒಂದು ಕಾಯಿಗಾಗಿ ಮೂತಿ ಬಿಗಿಯುವುದು ಬೇಡ. ಅವರು ಏನೂ ಹೇಳದೆ ಗೇರು ಹಾಕಿದರು.

ಆ ಬೀದಿ ಇಳಿಜಾರು. ಕೆಳಗೆ ಸ್ಟಾಪ್ ಬೋರ್ಡು, ಅದರ ಮುಂದೆ ಬಿಳಿ ಪಟ್ಟೆ. ಮಗಳ ಮನೆಗೆಂದು ಮೈಸೂರಿನಿಂದ ಬಂದಿದ್ದ ತ್ಯಾಗರಾಜ ಅಂಕಲ್, ಬಿಳಿ ಪಂಚೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಪಟ್ಟೆಯ ಮೇಲೆ ನಿಧಾನವಾಗಿ ದಾಟುತ್ತಿದ್ದರು. ರಾಜಲಕ್ಷ್ಮಿ ಬ್ರೇಕಿನ ಮೇಲೆ ಕಾಲಿಟ್ಟರು. ಪೆಡಲು ಅರ್ಧಕ್ಕೆ ಹೋಗಿ ನಿಂತಿತು. ಕೆಳಗೇನೋ ದುಂಡಗೆ, ಗಟ್ಟಿಯಾಗಿ ಸಿಕ್ಕಿಕೊಂಡಿತ್ತು.

ವ್ಯಾನು ಇಳಿಯುತ್ತಲೇ ಇತ್ತು. ರಾಜಲಕ್ಷ್ಮಿ ಹ್ಯಾಂಡ್‌ಬ್ರೇಕನ್ನು ಎರಡು ಕೈಯಿಂದ ಎಳೆದರು, ಒಂದು ಮೊಣಕೈಯಿಂದ ಸ್ಟಿಯರಿಂಗನ್ನು ಬಲಕ್ಕೆ ತಳ್ಳಿದರು, ಸೀಟಿನ ತುದಿಗೆ ಜಾರಿ ಇಡೀ ಮೈಭಾರವನ್ನು ಪೆಡಲಿನ ಮೇಲೆ ಬಿಟ್ಟರು. ಫಟ್ ಎಂದು ಸದ್ದಾಯಿತು. ವ್ಯಾನು ಯಾರದೋ ಹುಲ್ಲಿನ ಮೇಲೆ ಏರಿ, ಇಟ್ಟಿಗೆಯಲ್ಲಿ ಕಟ್ಟಿದ ಅಂಚೆಪೆಟ್ಟಿಗೆಗೆ ಒಂದು ಮೊಳ ದೂರದಲ್ಲಿ ನಿಂತಿತು. ತ್ಯಾಗರಾಜ ಅಂಕಲ್ ಆಚೆ ಬದಿ ತಲುಪಿ, ತಿರುಗಿ ನೋಡಿ, ಪರಿಚಯದ ವ್ಯಾನು ಕಂಡು, "ಹಬ್ಬ ಜೋರಾ ಅಮ್ಮಾ?" ಎಂದು ಕೈಬೀಸಿ ಹೊರಟುಹೋದರು.

ಪೆಡಲಿನ ಕೆಳಗೆ ಉರುಳಿ ಬಂದಿದ್ದ ತೆಂಗಿನಕಾಯಿ ಸರಿಯಾಗಿ ಎರಡು ಹೋಳಾಗಿತ್ತು. ದೇವರ ಮುಂದೆ ಒಡೆದರೂ ಅಷ್ಟು ಚೊಕ್ಕವಾಗಿ ಒಡೆಯುತ್ತಿರಲಿಲ್ಲ. ರಾಜಲಕ್ಷ್ಮಿಯ ಶೂ ತುಂಬ ಕಾಯಿನೀರು. ಲೊರೆಟ್ಟಾ ಬಗ್ಗಿ ಎರಡೂ ಹೋಳು ಎತ್ತಿ ಒಬ್ಬಟ್ಟಿನ ತಟ್ಟೆಯಲ್ಲಿಟ್ಟರು.

ಆಮೇಲೆ ಹೇಳಿದರು. "ಯಾರಿಗೂ ಏನೂ ಆಗಲಿಲ್ಲ. ಗಾಡಿಗೆ ಗೀರೂ ಬಿದ್ದಿಲ್ಲ. ವ್ಯಾನಿನ ಕ್ಯಾಮೆರಾ ರಸ್ತೆಯನ್ನು ಮಾತ್ರ ನೋಡುತ್ತೆ, ಪೆಡಲಿನ ಕೆಳಗೆ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಕಾಯಿ ಅಲ್ಲಿ ಇಟ್ಟವಳು ನಾನು. ಇದನ್ನ ಬರೆದರೆ ನಿಮ್ಮ ಕೋಚ್ ಕೆಲಸ ಹೋಗುತ್ತೆ. ನೀವು ಅದಕ್ಕೆ ಲಾಯಕ್ಕು. ಬಿಟ್ಟುಬಿಡೋಣ."

ರಾಜಲಕ್ಷ್ಮಿಗೆ ಹೂಂ ಅನ್ನಬೇಕು ಎನಿಸಿತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹೂಂ ಜೊತೆಗೆ ಸಾವಿತ್ರಿಯ ಮುಖವೂ ಬಂತು. ಸಾವಿತ್ರಿ ಬೆಂಗಳೂರಿನಲ್ಲಿ ಅವರ ಜೊತೆಗಾತಿ ಕಂಡಕ್ಟರ್. ಒಂದು ದಿನ ಬಸ್ಸಿನ ಫುಟ್‌ಬೋರ್ಡಿನ ತಗಡು ಸಡಿಲವಾಗಿದ್ದು ರಾಜಲಕ್ಷ್ಮಿಯ ಕಾಲಿಗೆ ಸಿಕ್ಕಿ, ಬೀಳುವುದರಲ್ಲಿದ್ದವರು ಕಂಬಿ ಹಿಡಿದು ಉಳಿದುಕೊಂಡಿದ್ದರು. ಡಿಪೋದ ದೂರಿನ ಪುಸ್ತಕದಲ್ಲಿ ಬರೆದಿಡಬೇಕು ಅಂದುಕೊಂಡರು. ಬಿದ್ದಿಲ್ಲವಲ್ಲ, ಮನೆಗೆ ಹೊತ್ತಾಯಿತು, ನಾಳೆ ಯಾರಾದರೂ ಬರೆಯುತ್ತಾರೆ ಎಂದು ಹೊರಟುಹೋದರು. ನಾಲ್ಕನೆಯ ದಿನ ಅದೇ ತಗಡಿನ ಮೇಲೆ ಸಾವಿತ್ರಿ ಬಿದ್ದಳು. ಆಮೇಲೆ ಅವಳು ಬಸ್ಸು ಹತ್ತಲೇ ಇಲ್ಲ. ರಾಜಲಕ್ಷ್ಮಿ ಈ ವಿಷಯವನ್ನು ಗಂಡನಿಗೂ ಹೇಳಿರಲಿಲ್ಲ.

"ನೋ ಮೇಡಂ. ಬರೀಬೇಕು" ಎಂದರು. ಅವರ ಕಣ್ಣು ತುಂಬಿತ್ತು. "ನೀವು ಅದನ್ನ ಕಾಲ ಹತ್ರ ಇಟ್ಕೊಂಡಿದ್ದು ನಾನು ನೋಡಿದ್ದೆ. ನಾನೇ ಡ್ರೈವರ್. ನಾನು ಹೇಳ್ಬೇಕಿತ್ತು. ತಪ್ಪು ನಂದು."

"ಇಟ್ಟವಳು ನಾನು. ತಪ್ಪು ನನ್ನದು."

"ನಂದು, ಮೇಡಂ."

"ನನ್ನದು ಅಂದೆನಲ್ಲ!"

ಬಸ್ಸಿನಲ್ಲಿ ಇಬ್ಬರು ಗೆಳತಿಯರು ಟಿಕೆಟ್ ನಾನು ತಗೋತೀನಿ, ನಾನು ತಗೋತೀನಿ ಎಂದು ಜಗಳವಾಡುವ ಹಾಗೆ, ಕೆನ್ನೆಯ ತುಂಬ ಅರಿಶಿನ ಹಚ್ಚಿಕೊಂಡ ಆ ಇಬ್ಬರು ಹೆಂಗಸರು ಪರರ ಹುಲ್ಲಿನ ಮೇಲೆ ವ್ಯಾನು ನಿಲ್ಲಿಸಿಕೊಂಡು ತಪ್ಪಿಗಾಗಿ ಕಿತ್ತಾಡಿದರು. ಕಿತ್ತಾಡುತ್ತಲೇ ಇಬ್ಬರಿಗೂ ನಗು ಬಂದುಬಿಟ್ಟಿತು. ನಗುತ್ತ ಅತ್ತರೋ ಅಳುತ್ತ ನಕ್ಕರೋ ಹೇಳುವುದು ಕಷ್ಟ. ಕೊನೆಗೆ ಇಬ್ಬರೂ ಒಂದೊಂದು ಫಾರಂ ತುಂಬುವುದೆಂದು ರಾಜಿಯಾಯಿತು.

ಅದು ನಿಯರ್ ಮಿಸ್ ಫಾರಂ. ಆಗಬಾರದ್ದು ಆಗುವುದರಲ್ಲಿತ್ತು ಎಂದು ಡ್ರೈವರುಗಳು ತಾವಾಗಿ ಬರೆದುಕೊಡಬೇಕಾದ ಕಾಗದ. ಡಿಪೋದ ಡ್ರಾಯರಿನಲ್ಲಿ ಅದರ ಕಟ್ಟು ಹಳದಿಯಾಗುತ್ತ ಬಿದ್ದಿತ್ತು, ಯಾರೂ ಬರೆದಿರಲಿಲ್ಲ. ಯಾರು ತಾನೇ ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುತ್ತಾರೆ? ಅಪಾಯಕ್ಕೆ ಕಾರಣವಾದ ವಸ್ತು ಎಂಬಲ್ಲಿ ಬಾಟಲಿ, ಫೋನು, ಉಪಕರಣ, ಸಾಕುಪ್ರಾಣಿ ಎಂದೆಲ್ಲ ಅಚ್ಚಾಗಿತ್ತು. ರಾಜಲಕ್ಷ್ಮಿ 'ಇತರೆ' ಎಂಬ ಚೌಕಕ್ಕೆ ಗುರುತು ಹಾಕಿ, "ತೆಂಗಿನಕಾಯಿ, ಒಂದು, ಪೂಜೆಯದು" ಎಂದು ಬರೆದರು. ಕಾರಣ ಎಂಬ ಕಡೆ ತಮ್ಮ ಕಂಡಕ್ಟರ್ ಇಂಗ್ಲಿಷಿನಲ್ಲಿ, "ಬೇಡ ಎಂದು ಹೇಳಲು ನನಗೆ ಆಗಲಿಲ್ಲ" ಎಂದು ಬರೆದು ಸಹಿ ಹಾಕಿದರು.

ಸೋಮವಾರ ಬೆಳಿಗ್ಗೆ ಡಿಪೋದ ಮೀಟಿಂಗಿನಲ್ಲಿ ಮ್ಯಾನೇಜರ್ ರಿಕ್ ಆ ಫಾರಂ ಎತ್ತಿಕೊಂಡು ಓದಿದ. ತೆಂಗಿನಕಾಯಿ ಎನ್ನುತ್ತಲೇ ನಲವತ್ತು ಜನ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೂಜೆಯದು ಎಂದಾಗ ಒಬ್ಬ ನೆಲಕ್ಕೇ ಕೂತ. ರಾಜಲಕ್ಷ್ಮಿಯೂ ಅವರ ಜೊತೆ ನಕ್ಕರು, ಬೇರೆ ದಾರಿಯಿರಲಿಲ್ಲ. ರಿಕ್ ಕೊನೆಯ ಸಾಲು ಓದಿದ. ಬೇಡ ಎಂದು ಹೇಳಲು ನನಗೆ ಆಗಲಿಲ್ಲ. ನಗು ಅರ್ಧಕ್ಕೆ ನಿಂತಿತು. ಸೇಫ್ಟಿ ಕೋಚ್ ಕೆಲಸ ಡೆರೆಕ್‌ಗೆ ಹೋಗಿದೆ ಎಂದು ರಿಕ್ ಅದೇ ಉಸಿರಿನಲ್ಲಿ ಹೇಳಿದ. ರಾಜಲಕ್ಷ್ಮಿಗೆ ಗೊತ್ತೇ ಇತ್ತು. ಆದರೂ ಮಂಡಿಗಳೆರಡೂ ಒಟ್ಟಿಗೆ ನೊಂದವು. ಎಲ್ಲರ ಜೊತೆ ಅವರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಮಾರ್ಕಸ್ ಕೈ ಎತ್ತಿದ. ಆರೂವರೆ ಅಡಿಯ ಆಳು, ಮೀಟಿಂಗಿನಲ್ಲಿ ಒಂದು ದಿನವೂ ಬಾಯಿ ತೆರೆದವನಲ್ಲ.

"ಆ ಫಾರಂ ಇನ್ನೊಂದು ಇದೆಯಾ?" ಎಂದ. "ಬುಧವಾರ ನನಗೆ ಬಿಸಿಲಿಗೆ ಕಣ್ಣು ಕತ್ತಲೆ ಬಂದು ಗಾಡಿ ಫುಟ್‌ಪಾತ್ ಹತ್ತಿತ್ತು. ಇನ್ನೂ ಹದಿನೈದು ಮನೆ ತಗೋ ಅಂದಿದ್ರು. ಬೇಡ ಅನ್ನಕ್ಕೆ ನಂಗೂ ಆಗ್ಲಿಲ್ಲ."

ಯಾರೂ ನಗಲಿಲ್ಲ. ರಿಕ್ ಒಂದು ಫಾರಂ ಕೊಟ್ಟ. ಅಷ್ಟರಲ್ಲಿ ಇನ್ನೊಬ್ಬ ಎದ್ದ. ನಾಯಿ ಕಟ್ಟಿಲ್ಲ ಎಂದು ಗೊತ್ತಿದ್ದೂ ಗೇಟು ತೆಗೆದಿದ್ದನಂತೆ. ಮತ್ತೊಬ್ಬಳು ಸವೆದ ಟೈರಿನ ಬಗ್ಗೆ ಹೇಳಲು ಹೋಗಿ ಹೇಳದೆ ಬಂದಿದ್ದಳಂತೆ. ಕಟ್ಟು ಖಾಲಿಯಾಗಿ ರಿಕ್ ಜೆರಾಕ್ಸ್ ಮಾಡಲು ಓಡಿದ. ಪಾರ್ಸೆಲ್ ಪೆಟ್ಟಿಗೆಗಳ ಮೇಲೆ ಕಾಗದ ಇಟ್ಟುಕೊಂಡು ದೈತ್ಯರಂಥ ಗಂಡಸರು ಬಗ್ಗಿ ಬರೆಯುತ್ತಿದ್ದರು. ಅಂದು ವ್ಯಾನುಗಳು ಮುಕ್ಕಾಲು ಗಂಟೆ ತಡವಾಗಿ ಹೊರಟವು.

ರಾಜಲಕ್ಷ್ಮಿ ತಮ್ಮ ವ್ಯಾನಿನ ಹತ್ತಿರ ಹೋಗುವಾಗ ರೂಟು ಹಂಚುವ ಟೀನಾ ಓಡಿಬಂದಳು. ಒಬ್ಬ ಡ್ರೈವರ್ ಬಂದಿಲ್ಲ, ಅವನ ಇಪ್ಪತ್ತು ಮನೆಗಳನ್ನೂ ರಾಜ್ ತಗೋಬೇಕು, ರಾಜ್ ಯಾವತ್ತೂ ಇಲ್ಲ ಅಂದವರಲ್ಲವಲ್ಲ ಎಂದಳು. ಹೊರಗೆ ಆಗಲೇ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ರಾಜಲಕ್ಷ್ಮಿ ಬಾಯಿ ತೆರೆದರು. ಆಚೀಚೆಯ ವ್ಯಾನುಗಳಲ್ಲಿ ಹತ್ತುತ್ತಿದ್ದವರು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟುಕೊಂಡು ಇತ್ತಲೇ ನೋಡುತ್ತಿದ್ದರು.

"ನೋ" ಎಂದರು ರಾಜಲಕ್ಷ್ಮಿ. ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು. "ಟುಡೇ ನೋ. ಟೂ ಹಾಟ್. ಮೈ ನೀಸ್ ಆಲ್ಸೋ ನೋ."

ಟೀನಾ ಎರಡು ಸಲ ಕಣ್ಣು ಮಿಟುಕಿಸಿದಳು. "ಸರಿ, ನಾಲ್ಕು ಜನಕ್ಕೆ ಹಂಚುತ್ತೀನಿ" ಎಂದು ಹೊರಟುಹೋದಳು.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ರಾಜಲಕ್ಷ್ಮಿ ಹಿಡಿಕೆ ಹಿಡಿದು ಹತ್ತಿ ಕೂತು, ಬಾಗಿಲು ಎಳೆದುಕೊಂಡರು. ಹೊಟ್ಟೆಯ ಆಳದಿಂದ ನಗು ಉಕ್ಕಿ ಉಕ್ಕಿ ಬರತೊಡಗಿತು. ಎಂಜಿನ್ ಶುರುಮಾಡುವ ಮುಂಚೆ ಫೋನು ತೆಗೆದು ಗಂಡನಿಗೆ ಮಾಡಿದರು.

"ಏನಾಯ್ತೇ? ಕೋಚ್ ಕೆಲಸ ಸಿಕ್ತಾ?" ಎಂದರು ಶೇಷಾದ್ರಿ.

"ಇಲ್ಲಾ ರೀ."

"ಮತ್ಯಾಕೆ ಹಿಂಗ್ ನಗ್ತಿದೀಯಾ?"

ರಾಜಲಕ್ಷ್ಮಿ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದ ಕಣ್ಣೊರೆಸಿಕೊಂಡರು.

"ಬೇಡ ಅಂದ್ಬಿಟ್ಟೆ ರೀ," ಎಂದರು. "ಒಪ್ಕೊಂಡ್ಬಿಟ್ರು!"